ಅಣು ಎಂಬ ಕಾಳು

ಜರ್ಸಿ ಸಿಟಿಯ ನಮ್ಮ ಮನೆಗೆ ಬಂದ ಹೊಸ ಟಿವಿಯ ಪೆಟ್ಟಿಗೆಯ ಮೇಲೆ ‘ಕ್ವಾಂಟಮ್ ಡಾಟ್’ ಎಂದು ಅಚ್ಚಾಗಿತ್ತು. “ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಪ್ಪಾ?” ಎಂದು ಮಗಳು ಕೇಳಿದಾಗ ಬಾಯಿಗೆ ಮೊದಲು ಬಂದದ್ದು ‘ಅಣು’. ಅದರ ಬೆನ್ನು ಹತ್ತಿ ಹೊರಟ ಮೇಲೆ ವಾರವೆಲ್ಲ ಬೇರೆ ಕೆಲಸ ಕೈಗೆ ಹತ್ತಲಿಲ್ಲ.

ಅಣುವನ್ನು ನಾವು ಪ್ರಯೋಗಶಾಲೆಯಲ್ಲಿ ಹುಡುಕುತ್ತೇವೆ. ಆದರೆ ಅದರ ಹಳೆಯ ಬೇರು ಹೊಲದಲ್ಲಿದೆ. ವೇದಮಂತ್ರವಾದ ಚಮಕದಲ್ಲಿ ಬೇಡುವ ಧಾನ್ಯಗಳ ಸಾಲಿನಲ್ಲಿ, ನವಣೆಗೂ ಸಾಮೆಗೂ ನಡುವೆ, ಅಣುವೂ ಒಂದು ಕಿರುಧಾನ್ಯ. ಅದು ಬೆಳೆಯುವ ನೆಲಕ್ಕೆ ಅಣವ್ಯ, ಆಣವೀನ ಎಂಬ ಎರಡು ರೂಪಗಳಿಗೆ ಪಾಣಿನಿ ಸೂತ್ರದಲ್ಲೇ ಎಡೆ ಮಾಡಿಕೊಟ್ಟಿದ್ದಾನೆ. ಋಗ್ವೇದದಲ್ಲಿ ‘ಅಣ್ವೀ’ ಎಂದರೆ ತೆಳುವಾದ ಬೆರಳು. ಹೀಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಣ್ಣತನವಾಗಿದ್ದ ಮಾತು ವೈಶೇಷಿಕರ ಕೈಯಲ್ಲಿ ಕಾಣದ್ದಾಯಿತು: ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ, ಅದೇ ಬಿಸಿಲುಕೋಲಿನಲ್ಲಿ ಆಡುವ ಧೂಳಿನ ಕಣ. ಆ ದರ್ಶನದ ಮೂಲಪುರುಷನ ಹೆಸರು ಕಣಾದ, ಕಾಳು ತಿನ್ನುವವನು! ಮುಂದೆ ಮಧ್ವರಿಗೆ ಜೀವವೇ ಅಣುವಾಯಿತು, ಶೈವರಿಗೆ ತನ್ನನ್ನು ಕಿರಿದೆಂದುಕೊಳ್ಳುವ ಭ್ರಮೆ ಆಣವಮಲವಾಯಿತು, ಯೋಗಿಗಳಿಗೆ ಅಣಿಮಾ ಸಿದ್ಧಿಯಾಯಿತು, ನಮ್ಮ ಅಜ್ಜಿಯರಿಗೆ ಅಣುರೇಣುತೃಣಕಾಷ್ಠವಾಯಿತು.

ಹಳಗನ್ನಡದ ಅಣುಗ, ಅಣುಗಿ, ಅಣುಗು ಬೇರೆಯೇ ಬಳ್ಳಿಯವು: ಮುದ್ದಿನ ಮಗ, ಮುದ್ದಿನ ಮಗಳು, ಒಲವು. ‘ಹತ್ತಿರ ಬಾ’ ಎಂಬ ಅರ್ಥದ ತಮಿಳಿನ ಅಣುಗು ಇವುಗಳ ನೆಂಟ. ಬೇರು ಬೇರೆಯಾದರೂ ಕಿರಿದು, ಹತ್ತಿರದ್ದು, ಮುದ್ದಾದದ್ದು ಮೂರೂ ಕಿವಿಯಲ್ಲಿ ಒಂದಾಗುವುದು ನನಗೆ ತುಂಬ ಇಷ್ಟ.

ಪಠ್ಯಪುಸ್ತಕದ ಕನ್ನಡ ಪರಮಾಣುಗಳ ಕೂಟವನ್ನು ಅಣುವೆಂದಿತು. ಪತ್ರಿಕೆಯ ಕನ್ನಡ ಅದನ್ನು ಗಮನಿಸದೆ ಅಣುಬಾಂಬು, ಕೈಗಾದ ಅಣು ವಿದ್ಯುತ್ ಸ್ಥಾವರ ಎನ್ನುತ್ತ ನಡೆಯಿತು; ರೋಗಾಣು, ವೀರ್ಯಾಣು, ವೈರಾಣುಗಳು ಸಾಲಾಗಿ ಹುಟ್ಟಿದವು. ಗ್ರೀಕಿನಲ್ಲಿ ಕುಬ್ಜ ಎಂಬ ಅರ್ಥದ ಮೂಲದಿಂದ ಬಂದು, 1960ರಲ್ಲಿ ನೂರು ಕೋಟಿಯಲ್ಲೊಂದು ಪಾಲಿನ ಅಳತೆಯಾಗಿ ಮಾನ್ಯವಾದ ‘ನ್ಯಾನೊ’ ಮಾತ್ರ ಅನುವಾದಕ್ಕೆ ಬಗ್ಗಲಿಲ್ಲ. ಗೊಬ್ಬರದ ಸಹಕಾರಿ ಸಂಸ್ಥೆ ಇಫ್ಕೋದ ಅರ್ಧ ಲೀಟರಿನ ನ್ಯಾನೊ ಯೂರಿಯಾ ಬಾಟಲಿಯಾಗಿ 2021ರಿಂದ ರೈತರ ಹೊಲಕ್ಕೂ ಇಳಿಯಿತು. ಕಾಳಾಗಿ ಹೊಲದಲ್ಲಿದ್ದ ಅಣುವಿನ ಜಾಗಕ್ಕೆ!

ಅಣುವಿನ ಈ ಪದಕುಟುಂಬದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಜೈನರ ‘ಅಣುವ್ರತ’. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದನ್ನು ಮುನಿ ಪೂರ್ತಿಯಾಗಿ ಹಿಡಿದರೆ ಮಹಾವ್ರತ. ಹೊಲಮನೆ, ಅಂಗಡಿ, ಮಕ್ಕಳುಮರಿ ಉಳ್ಳ ಶ್ರಾವಕ ತನ್ನ ಅಳವಿಗೆ ತಕ್ಕಷ್ಟು ಹಿಡಿದರೆ ಅಣುವ್ರತ. ವ್ರತ ಅದೇ, ಅಳತೆ ಬೇರೆ; ಮುನಿಗೆ ಆಹಾರದಾನ ಮಾಡುವವನೂ ಶ್ರಾವಕನೇ. ನ್ಯಾನೊ ಸಂಶೋಧನೆಗೆ ಹಣ ಹಂಚುವ ಕಡೆಯಲ್ಲೆಲ್ಲ ಏಳುವ ಜಗಳ, ಐದು ವರ್ಷದಲ್ಲಿ ಪೇಟೆಗೆ ಬರುವುದಕ್ಕೆ ಕೊಡಬೇಕೋ ಮೂವತ್ತು ವರ್ಷ ಕಾಯಬೇಕಾದದ್ದಕ್ಕೋ ಎಂಬ ಆ ಜಗಳವನ್ನು ಈ ಜೋಡಿಪದದಲ್ಲಿ ಇಟ್ಟು ನೋಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ 2007ರಲ್ಲಿ ಶುರುವಾದ ಭಾರತದ ನ್ಯಾನೊ ಮಿಷನ್‌ಗೆ ಐದು ವರ್ಷಕ್ಕೆ 1000 ಕೋಟಿ ರೂಪಾಯಿ ಮೀಸಲಾಯಿತು. ಐದು ವರ್ಷ ಅಣುವ್ರತದ ಅಳತೆ. ಮಹಾವ್ರತದ ಅಳತೆ ನಮ್ಮ ಟಿವಿಯೊಳಗೇ ಇತ್ತು.

ಜರ್ಸಿ ಸಿಟಿಯಿಂದ ಪಶ್ಚಿಮಕ್ಕೆ, ಕಾರಿನಲ್ಲಿ ಹೋದರೆ ಹತ್ತಿರದಲ್ಲೇ, ಮರ್ರೆ ಹಿಲ್‌ನ ಬೆಲ್ ಲ್ಯಾಬ್ಸ್ ಇದೆ. ಅಲ್ಲಿ ಲೂಯಿ ಬ್ರೂಸ್ ಎಂಬ ರಸಾಯನಶಾಸ್ತ್ರಜ್ಞ ದ್ರವದಲ್ಲಿ ತೇಲುವ ಕ್ಯಾಡ್ಮಿಯಮ್ ಸಲ್ಫೈಡ್ ಕಣಗಳಿಂದ ಬೆಳಕಿನ ಬಲದಲ್ಲಿ ರಾಸಾಯನಿಕ ಕ್ರಿಯೆ ನಡೆಸಲು ನೋಡುತ್ತಿದ್ದರು. ಮೇಜಿನ ಮೇಲೆ ಬಿಟ್ಟಿದ್ದ ಕಣಗಳು ತಾವಾಗಿ ಬೆಳೆದವು. ಬೆಳೆದಂತೆ ಅವು ಹೀರುವ ಬೆಳಕೂ ಬದಲಾಯಿತು. ವಸ್ತು ಅದೇ, ಅಳತೆಯಿಂದಲೇ ಬಣ್ಣ! ಇದನ್ನು ಅವರು ಪ್ರಕಟಿಸಿದ್ದು 1983ರಲ್ಲಿ. ಇಂಥ ಕಣಗಳೇ ಕ್ವಾಂಟಮ್ ಡಾಟ್; ಈ ಚುಕ್ಕಿಗಳುಳ್ಳ ಟಿವಿ ಅಂಗಡಿಗೆ ಬಂದದ್ದು 2013ರಲ್ಲಿ, ಬ್ರೂಸ್ ಅವರಿಗೆ ನೊಬೆಲ್ ಬಂದದ್ದು 2023ರಲ್ಲಿ, ಮೌಂಗಿ ಬಾವೆಂಡಿ ಮತ್ತು ಅಲೆಕ್ಸಿ ಎಕಿಮೊವ್ ಅವರ ಜೊತೆಗೆ. ಬ್ರೂಸ್ ಆ ಕಣಗಳನ್ನು ನೋಡುತ್ತಿದ್ದಾಗ ಆಹಾರದಾನ ಮಾಡಿದವರು ತಿಂಗಳು ತಿಂಗಳು ಟೆಲಿಫೋನ್ ಬಿಲ್ಲು ಕಟ್ಟುತ್ತಿದ್ದ ಮನೆಗಳವರು; ಬೆಲ್ ಲ್ಯಾಬ್ಸ್ ಅನ್ನು ಸಾಕುತ್ತಿದ್ದ ಆ ಟೆಲಿಫೋನ್ ಸಾಮ್ರಾಜ್ಯ 1984ರಲ್ಲಿ ಒಡೆದು ಹಂಚಿಹೋಯಿತು. ಅಣುವ್ರತಿ ಇಲ್ಲದೆ ಮಹಾವ್ರತಿಯ ಹೊಟ್ಟೆ ತುಂಬುವುದು ಹೇಗೆ ಎಂಬ ಪ್ರಶ್ನೆ ಶ್ರವಣಬೆಳಗೊಳದ ದಾರಿಯಲ್ಲಿ ಎಷ್ಟು ನಿಜವೋ ಮರ್ರೆ ಹಿಲ್‌ನ ದಾರಿಯಲ್ಲೂ ಅಷ್ಟೇ ನಿಜ.

ಕಡೆಗೆ ಮಗಳಿಗೆ ಏನು ಹೇಳುವುದು? ಒಂದೊಂದು ಚುಕ್ಕಿಯಲ್ಲೂ ಸಾವಿರಾರು ಪರಮಾಣುಗಳಿರಬಹುದು; ಬರೀ ಅಣು ಎಂದರೆ ಪಠ್ಯಪುಸ್ತಕ ಒಪ್ಪುವುದಿಲ್ಲ. ‘ಅಣುಬೊಟ್ಟು’ ಎಂದೆ. “ಬೊಟ್ಟು ಅಂದ್ರೆ ಸಾಕಲ್ವಾ?” ಎಂದು ಹಣೆ ಮುಟ್ಟಿ ತೋರಿಸಿದಳು ಅಣುಗಿ. ಬೊಟ್ಟು ಎಂದರೆ ಬೆರಳೂ ಹೌದು ಎಂಬುದು ನನಗೆ ಹೊಳೆದದ್ದು ಆಗ, ಅವಳ ಕಿರುಬೆರಳನ್ನು ನೋಡುತ್ತಿದ್ದಾಗ.