ಬಿಯರ್ ಪೀಪಾಯಿಯಿಂದ ಮೀನಿನ ತೊಟ್ಟಿಗೆ

ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮನೆ ಅಕ್ವೇರಿಯಂನ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಏಳು ಆಗಲೇ ಸತ್ತಿದ್ದವು. ಗಿಡಗಳಿಗೆಂದು ಇಟ್ಟಿದ್ದ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಮುಗಿಯುವ ಹೊತ್ತಿಗೆ ಗ್ಯಾಸ್ ಒಮ್ಮೆಲೇ ನುಗ್ಗಿತ್ತು. ತಪ್ಪು ನನ್ನದೇ. ಅಗ್ಗದ ರೆಗ್ಯುಲೇಟರ್, ಅದಕ್ಕಿಂತ ಅಗ್ಗದ ನೀಡಲ್ ವಾಲ್ವ್. ಅವತ್ತಿನಿಂದ ಈ ಪುಟ್ಟ ತಿರುಪಿನ ಹಿಂದಿನ ಕಥೆ ಹುಡುಕುತ್ತಾ ಹೋದೆ.

ನೀರಿನೊಳಗಿನ ಎಲೆಗಳು ಬಿಸಿಲಿನಲ್ಲಿ ಗುಳ್ಳೆ ಬಿಡುತ್ತವೆ ಅಂತ 1779ರಲ್ಲಿ ಇಂಗೆನ್‌ಹೌಸ್ ತೋರಿಸಿದ್ದ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿದ್ದರೆ ಮಾತ್ರ ಆ ಗುಳ್ಳೆ ಅಂತ 1782ರಲ್ಲಿ ಜಿನೀವಾದ ಸೆನೆಬಿಯೆ ಹೇಳಿದ. 1849ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ, ಒಂದಷ್ಟು ಬಸವನಹುಳು ಸೇರಿಸಿ ತೊಟ್ಟಿಯೊಂದನ್ನು ಸಮತೋಲದಲ್ಲಿ ಇಟ್ಟ. ಅವನಿಗೆ ಸಿಲಿಂಡರ್ ಬೇಕಾಗಲಿಲ್ಲ, ಮೀನಿನ ಉಸಿರೇ ಗಿಡಕ್ಕೆ ಸಾಕಾಯಿತು.

ಆದರೆ ತೊಟ್ಟಿ ತುಂಬಾ ದಟ್ಟವಾಗಿ ಗಿಡ ಬೆಳೆಸಬೇಕು ಅಂದರೆ ಆ ಉಸಿರು ಸಾಲದು. ಗ್ಯಾಸನ್ನು ಹೊರಗಿನಿಂದ ಕೊಡಬೇಕು. ತೊಂದರೆ ಇರುವುದು ಅಲ್ಲೇ. 20 ಡಿಗ್ರಿ ಉಷ್ಣತೆಯಲ್ಲಿ ಸಿಲಿಂಡರ್ ಒಳಗಿನ ಒತ್ತಡ ಸುಮಾರು 57 ಬಾರ್. ಕಾರಿನ ಟಯರಿನಲ್ಲಿ ಇರೋದು ಎರಡೂವರೆ ಬಾರ್ ಆಸುಪಾಸು ಅಷ್ಟೇ! 1823ರಲ್ಲಿ ಫ್ಯಾರಡೆ ಈ ಅನಿಲವನ್ನು ದ್ರವ ಮಾಡಿದಾಗ ಅವನ ಗಾಜಿನ ಕೊಳವೆಗಳು ಸಿಡಿದಿದ್ದವು. 1840ರಲ್ಲಿ ಪ್ಯಾರಿಸ್‌ನಲ್ಲಿ ತಿಲೋರಿಯೆ ರೂಪಿಸಿದ್ದ ಎರಕದ ಕಬ್ಬಿಣದ ಯಂತ್ರ ಸ್ಫೋಟಗೊಂಡು ಎರ್ವಿ ಎಂಬ ಸಹಾಯಕ ಪ್ರಾಣ ಕಳೆದುಕೊಂಡ.

ಈ ಗ್ಯಾಸನ್ನು ಪಳಗಿಸಿದ್ದರಲ್ಲಿ ಬಿಯರ್‌ಗೆ ದೊಡ್ಡ ಪಾಲಿದೆ ಅಂದರೆ ನಂಬುತ್ತೀರಾ? ಪೀಪಾಯಿಯಿಂದ ಬಿಯರ್ ಹೊರದೂಡಲು ಇದನ್ನೇ ಬಳಸುತ್ತಿದ್ದರು, ಆದರೆ ಅಂದಿನ ವಾಲ್ವುಗಳಲ್ಲಿ ಗ್ಯಾಸ್ ಹದವಾಗಿ ಬರುತ್ತಿರಲಿಲ್ಲ. 1889ರಲ್ಲಿ ಜರ್ಮನಿಯ ಲ್ಯೂಬೆಕ್ ಊರಿನ ಹೈನ್ರಿಕ್ ಡ್ರೇಗರ್ ಮತ್ತು ಮಗ ಬರ್ನ್‌ಹಾರ್ಡ್ 'ಲುಬೆಕಾ' ವಾಲ್ವ್ ತಂದರು. ಭಾರೀ ಒತ್ತಡದ ಸಿಲಿಂಡರಿನಿಂದ ಗ್ಯಾಸ್ ಒಂದೇ ಸಮನೆ ಬರುವಂತಾಯಿತು.

ಮನೆಯ ತೊಟ್ಟಿಗೆ ಇದನ್ನು ತಂದವರಲ್ಲೂ ಜರ್ಮನ್ನರು ಮುಂದಿದ್ದರು. ಹಾರ್ಸ್ಟ್ ಮತ್ತು ಕಿಪ್ಪರ್ ಬರೆದ ಪುಸ್ತಕ 1986ರಲ್ಲಿ ಇಂಗ್ಲಿಷಿಗೆ ಬಂತು. ಇತ್ತ ಜಪಾನಿನಲ್ಲಿ, ಒಂದು ಕಾಲಕ್ಕೆ ಸೈಕಲ್ ರೇಸಿನಲ್ಲಿದ್ದ ತಕಾಶಿ ಅಮಾನೋ 1982ರಲ್ಲಿ ಕಂಪನಿ ಕಟ್ಟಿದರು. 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹಸಿರು ತೊಟ್ಟಿಗಳು ಜಗತ್ತಿಗೆಲ್ಲ ಪರಿಚಿತವಾಗಿದ್ದವು.

ಇನ್ನು ನನ್ನ ತಪ್ಪಿಗೆ ಬರೋಣ. ರೆಗ್ಯುಲೇಟರ್ ಒತ್ತಡ ಇಳಿಸುತ್ತದೆ, ನೀಡಲ್ ವಾಲ್ವ್ ಹರಿವನ್ನು ಹದ ಮಾಡುತ್ತದೆ. ಹಳೆಯ ಸ್ಕೂಟರಿನ ಕಾರ್ಬ್ಯುರೇಟರಿನಲ್ಲಿ ಐಡ್ಲಿಂಗ್ ಸರಿ ಮಾಡಲು ತಿರುಗಿಸುವ ಚೂಪು ಸ್ಕ್ರೂ ಇದೆಯಲ್ಲ, ಇದೂ ಅದೇ ಜಾತಿ. ಸಿಲಿಂಡರಿನಲ್ಲಿ ದ್ರವ ಇರುವವರೆಗೂ ಒತ್ತಡ ಹೆಚ್ಚು ಬದಲಾಗುವುದಿಲ್ಲ. ದ್ರವ ಮುಗಿದ ಮೇಲೆ ಅದು ಕುಸಿಯುತ್ತದೆ, ಆಗ ಒಂದೇ ಹಂತದ ರೆಗ್ಯುಲೇಟರ್‌ಗಳಲ್ಲಿ ಹೊರಗಿನ ಒತ್ತಡ ಏರುತ್ತದೆ. ಕೊಳ್ಳುವಾಗ ಎರಡು ಹಂತದ ರೆಗ್ಯುಲೇಟರ್ ನೋಡಿ. ಸೂಜಿ ನೀಳವಾಗಿ ಚೂಪಾಗಿರಲಿ, ಮರೆ ಸಣ್ಣದಾಗಿರಲಿ. ಕಾಲು ಸುತ್ತಿಗೇ ಗುಳ್ಳೆಗಳು ಧಾರೆಯಾದರೆ ಆ ವಾಲ್ವ್ ಬೇಡ.

ಜೋಡಿಸುವ ಕ್ರಮ ಹೀಗಿರಲಿ: ಸಿಲಿಂಡರ್, ರೆಗ್ಯುಲೇಟರ್, ನೀಡಲ್ ವಾಲ್ವ್, ಗುಳ್ಳೆ ಎಣಿಸುವ ಡಬ್ಬಿ, ನೀರು ಹಿಂದಕ್ಕೆ ಬಾರದಂತೆ ಚೆಕ್ ವಾಲ್ವ್, ಕೊನೆಗೆ ಡಿಫ್ಯೂಸರ್. ಸಿಲಿಂಡರ್ ನೆಟ್ಟಗೆ ನಿಂತಿರಲಿ. ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ. ನೀಡಲ್ ವಾಲ್ವನ್ನು ಬಿಗಿಯಾಗಿ ಮುಚ್ಚಬೇಡಿ, ಸೂಜಿಯೂ ಅದು ಕೂರುವ ಜಾಗವೂ ಹಾಳಾಗುತ್ತವೆ. ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ, ಒಂದೊಂದು ಚೂರು ತಿರುಗಿಸಿ ಸ್ವಲ್ಪ ಹೊತ್ತು ಕಾಯಿರಿ. ಮೊದಲ ದಿನ ಮೀನುಗಳ ಮೇಲೆ ಕಣ್ಣಿಡಿ.

ಸಿಲಿಂಡರಿನ ಮುಳ್ಳು ಇಳಿಯತೊಡಗಿದರೆ ಅವತ್ತೇ ಬದಲಾಯಿಸಿ. ಇನ್ನೆರಡು ದಿನ ಬರಲಿ ಅಂತ ನಾನು ಬಿಟ್ಟಿದ್ದೆ. ಆ ಎರಡು ದಿನದ ಬೆಲೆ ಏಳು ಮೀನು.