ಎಲ್ವೆರಾ ಬ್ರಿಟೊ ಮತ್ತು ಮೈಸೂರಿನ ಹಾಕಿ

ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಮ್ ಗಾಡಿ ಹತ್ತಿದವರಿಗೆ ಚಿನ್ನದ ಗಣಿಯ ಸೀಮೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಆಂಗ್ಲೋ-ಇಂಡಿಯನ್ ಮನೆಗಳಲ್ಲಿಯೂ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಹಾಕಿ ಬೇರೂರಿತ್ತು. ಆದರೆ ವಾಚಕರೇ, ಈ ಆಟದಲ್ಲಿ ನಮ್ಮ ಹೆಣ್ಣುಮಕ್ಕಳು ಗಳಿಸಿದ ಕೀರ್ತಿಯನ್ನು ನಾವು ಎಷ್ಟು ನೆನೆಯುತ್ತೇವೆ?

ಬೆಂಗಳೂರಿನ ಎಲ್ವೆರಾ ಬ್ರಿಟೊ ಅವರನ್ನೇ ನೋಡಿರಿ. 1960ರಿಂದ 1967ರ ನಡುವೆ ಅವರ ನಾಯಕತ್ವದಲ್ಲಿ ಮೈಸೂರು ಮಹಿಳೆಯರು ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಸೋದರಿಯರಾದ ರೀಟಾ ಮತ್ತು ಮೇ ಕೂಡ ಅದೇ ತಂಡದವರು. ಒಂದೇ ಮನೆಯ ಮೂವರು! ಎಲ್ವೆರಾ ಅವರು ಭಾರತದ ಪರವಾಗಿ ಆಸ್ಟ್ರೇಲಿಯಾ, ಸಿಂಹಳ, ಜಪಾನ್ ತಂಡಗಳೆದುರು ಆಡಿದರು. 1965ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. ಮಹಿಳಾ ಹಾಕಿಯಲ್ಲಿ ಅವರಿಗಿಂತ ಮೊದಲು ಅದನ್ನು ಪಡೆದವರು ಆನ್ ಲಮ್ಸ್‌ಡೆನ್ ಒಬ್ಬರೇ, 1961ರಲ್ಲಿ.

1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಗಂಡಸರು ಚಿನ್ನ ಗೆದ್ದ ಸುದ್ದಿ ರೇಡಿಯೋ ಇದ್ದ ಮನೆಗಳಲ್ಲೆಲ್ಲ ಮೊಳಗಿತು. ಆಗ ಎಲ್ವೆರಾ ಅವರ ಆಟ ಉಚ್ಛ್ರಾಯದಲ್ಲಿತ್ತು. ಆದರೆ ಹೆಂಗಸರ ಹಾಕಿಗೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1980ರಲ್ಲಿ, ಮಾಸ್ಕೋದಲ್ಲಿ. ಭಾರತದ ಮಹಿಳೆಯರು ನಾಲ್ಕನೆಯವರಾದರು. ಅಷ್ಟರಲ್ಲಿ ಎಲ್ವೆರಾ ಅವರಿಗೆ ನಲವತ್ತರ ಆಸುಪಾಸು. ಇದನ್ನು ದುರದೃಷ್ಟವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ನಿಯಮ ಮಾಡಿದವರು ಮನುಷ್ಯರೇ ತಾನೆ?

ಅವರು ಮೈದಾನವನ್ನು ಮಾತ್ರ ಬಿಡಲಿಲ್ಲ. ರಾಜ್ಯದ ಮಹಿಳಾ ಹಾಕಿ ಸಂಸ್ಥೆಯನ್ನು ನಡೆಸಿದರು, ರಾಷ್ಟ್ರೀಯ ತಂಡಕ್ಕೆ ಆಟಗಾರ್ತಿಯರನ್ನು ಆರಿಸಿದರು. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 81 ವರ್ಷ.