ಉರ್ಸುಲಾ ಲೆ ಗ್ವಿನ್ ಮತ್ತು ಹೆಸರಿನ ಗುಟ್ಟು

ಹ್ಯಾರಿ ಪಾಟರ್ ಓದಿದವರಿಗೆಲ್ಲ ಮಾಂತ್ರಿಕರ ಶಾಲೆ ಗೊತ್ತು. ಅದಕ್ಕೂ 29 ವರ್ಷ ಮೊದಲೇ, 1968ರಲ್ಲಿ, ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ತಮ್ಮ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಕಾದಂಬರಿಯಲ್ಲಿ ಅಂಥದ್ದೊಂದು ಶಾಲೆ ಕಟ್ಟಿದ್ದರು. ಅಲ್ಲಿ ಮಂತ್ರದ ಮೂಲವೇ ಹೆಸರು. ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ. ಅದು ಗೊತ್ತಾದರೆ ಅದು ನಿಮ್ಮ ಕೈವಶ. ಅದಕ್ಕೇ ಜನ ತಮ್ಮ ಹೆಸರನ್ನು ತೀರಾ ನಂಬಿದವರಿಗೆ ಮಾತ್ರ ಹೇಳುತ್ತಾರೆ. ನಾಯಕ ಗೆಡ್ ಕೂಡ ಊರವರ ಬಾಯಲ್ಲಿ ಬರೀ ‘ಗಿಡುಗ’!

ಈ ನಂಬಿಕೆ ಹಳೆಯದು, ಎಷ್ಟೋ ಜನಾಂಗಗಳಲ್ಲಿದೆ. ಆದರೆ ಲೆ ಗ್ವಿನ್ ಮನೆಯಲ್ಲೇ ಒಂದು ಕತೆ ಇತ್ತು.

1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಬಳಿ, ಹಸಿದು ಸೊರಗಿದ ಒಬ್ಬ ಮನುಷ್ಯ ಕಾಣಿಸಿಕೊಂಡ. ಬಿಳಿಯರ ಕೊಲೆ, ಹಸಿವುಗಳಲ್ಲಿ ಅಳಿದ ಯಾಹಿ ಜನರಲ್ಲಿ ಉಳಿದದ್ದು ಆತನೊಬ್ಬನೇ. ಹೆಸರು ಕೇಳಿದರೆ ಹೇಳಲಿಲ್ಲ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಪದ್ಧತಿ ಅವರಲ್ಲಿಲ್ಲ. ತನ್ನವರು ಯಾರಾದರೂ ಪರಿಚಯಿಸಬೇಕು. ತನ್ನವರೇ ಇಲ್ಲವಲ್ಲ... ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಆತನನ್ನು ‘ಇಶಿ’ ಎಂದು ಕರೆದರು. ಆತನ ಭಾಷೆಯಲ್ಲಿ ಹಾಗೆಂದರೆ ‘ಮನುಷ್ಯ’. 1916ರಲ್ಲಿ ಕ್ಷಯದಿಂದ ಆತ ತೀರಿಕೊಂಡಾಗ ಆ ಹೆಸರೂ ಜೊತೆಗೇ ಹೋಯಿತು.

ಲೆ ಗ್ವಿನ್ (1929–2018) ಈ ಕ್ರೋಬರ್ ಅವರ ಮಗಳು. ಇಶಿಯ ಜೀವನಚರಿತ್ರೆಯನ್ನು 1961ರಲ್ಲಿ ಬರೆದವರು ತಾಯಿ ಥಿಯೋಡೋರಾ. ಅದರಿಂದಲೇ ಅರ್ತ್‌ಸೀ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ಹೆಸರು ಕಸಿಯುವುದು ಎಂಥ ಹಿಂಸೆ ಅನ್ನುವುದು ಅವರ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ‘ದಿ ಟೂಂಬ್ಸ್ ಆಫ್ ಅಟುವಾನ್’ನಲ್ಲಿ (1971) ಪುಟ್ಟ ಹುಡುಗಿ ಟೆನಾರ್‌ಳ ಹೆಸರು ಕಿತ್ತುಕೊಂಡು, ‘ನುಂಗಲ್ಪಟ್ಟವಳು’ ಎಂದು ಕರೆದು, ಕತ್ತಲ ದೇವತೆಗಳ ಪೂಜಾರಿಣಿ ಮಾಡುತ್ತಾರೆ. ಗೆಡ್ ಹೆಸರು ಮರಳಿಸಿದ ಮೇಲೇ ಅವಳ ಬಿಡುಗಡೆ. 1985ರ ಒಂದು ಸಣ್ಣಕತೆಯಲ್ಲಂತೂ ಎಲ್ಲ ತಿರುಗುಮುರುಗು. ಪ್ರಾಣಿಗಳಿಗೆ ಆಡಂ ಇಟ್ಟ ಹೆಸರುಗಳನ್ನು ಈವ್ ಬಿಡಿಸುತ್ತಾಳೆ, ತನ್ನದನ್ನೂ ವಾಪಸ್ ಕೊಡುತ್ತಾಳೆ.

ಭಾಷೆಯೂ ಹಾಗೇ. ಫ್ಯಾಂಟಸಿಗೆ ಶೈಲಿ ಅಲಂಕಾರವಲ್ಲ, ಶೈಲಿಯಿಂದಲೇ ಆ ಲೋಕ ನಿಲ್ಲಬೇಕು ಅಂತ 1973ರ ಪ್ರಬಂಧವೊಂದರಲ್ಲಿ ವಾದಿಸಿದವರು ಅವರು. ಅಬ್ಬರವಿಲ್ಲದ, ಅಜ್ಜಿ ಕತೆ ಹೇಳಿದಂಥ ವಾಕ್ಯಗಳು. ಪದ ತಪ್ಪಿದರೆ ಮಂತ್ರ ಕೆಡುವ ಲೋಕದಲ್ಲಿ ಬೇರೆ ರೀತಿ ಬರೆಯುವುದಾದರೂ ಹೇಗೆ?

2021ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಒಂದು ಕಟ್ಟಡದಿಂದ ಕ್ರೋಬರ್ ಹೆಸರನ್ನು ತೆಗೆಯಿತು. ಮೂಲನಿವಾಸಿಗಳ ಅವಶೇಷಗಳ ಸಂಗ್ರಹ, ಇಶಿಯನ್ನು ನಡೆಸಿಕೊಂಡ ರೀತಿ ಎರಡೂ ಅಲ್ಲಿ ಚರ್ಚೆಗೆ ಬಂದಿದ್ದವು. ಮಗಳು ಇದ್ದಿದ್ದರೆ ಏನನ್ನುತ್ತಿದ್ದರೋ! ನಿಮಗೇನನ್ನಿಸುತ್ತೆ?